ಎರಡು ಮದ್ದುಗಳ ಕಲಹ

ಕೋವಿಡ್ ಜ್ವರದ ಭೀತಿಯು ಜನರ ಮನಸ್ಸಿನಿಂದ ಬಹುಮಟ್ಟಿಗೆ ಮರೆಯಾಗಿರುತ್ತದೆ; ಆದರೆ ಜ್ವರವೂ ಹೋಗಿಲ್ಲ, ಅದಕ್ಕೆಂದು ಹುಟ್ಟಿದ ಗುಳಿಗೆಗಳೂ ಹೋಗಿಲ್ಲ. ಅವುಗಳಲ್ಲಿ ಪ್ರಸಿದ್ಧವಾದ ಪ್ಯಾಕ್ಸ್‌ಲೋವಿಡ್ ಎಂಬುದಕ್ಕೆ ಅಮೆರಿಕಾ ಸರಕಾರದ ಔಷಧಾಧಿಕಾರಿಗಳು 2021ನೆಯ ಡಿಸೆಂಬರಿನಲ್ಲಿ ತುರ್ತಿನ ಅನುಮತಿಯನ್ನಿತ್ತರು. 2022ರಲ್ಲಿ ಅದೇ ಔಷಧವನ್ನು ನಮ್ಮ ದೇಶದಲ್ಲಿಯೇ ತಯಾರಿಸಲು ಅಪ್ಪಣೆಯಾಯಿತು. ಇದು ಮುಖ್ಯವಾಗಿ ಬೇಕಾಗುವುದು ವೃದ್ಧರಿಗೆ, ಹೃದ್ರೋಗಿಗಳಿಗೆ. ರಕ್ತವು ಹೆಪ್ಪುಗಟ್ಟದಂತೆ ನಿತ್ಯವೂ ಮದ್ದು ತೆಗೆದುಕೊಳ್ಳುವವರು ಹೆಚ್ಚಾಗಿರುವುದೂ ಇವರಲ್ಲಿಯೇ. ಗಂಡಾಂತರವಿರುವುದು ಇಲ್ಲಿ.

ಪ್ಯಾಕ್ಸ್‌ಲೋವಿಡ್ಡಿನಲ್ಲಿ ಎರಡು ಔಷಧಗಳುಂಟು. ನಿರ್ಮಾಟ್ರೆಲ್ವಿರ್ ಎಂಬುದು ರೋಗಾಣುವಿನ ಮೇಲೆ ಕೆಲಸಮಾಡುವುದು. ರಿಟೊನಾವಿರ್ ಎಂಬುದು, ಯಕೃತ್ತು ಮೊದಲನೆಯದನ್ನು ಬೇಗನೆ ಕರಗಿಸಿಬಿಡದಂತೆ ಅಡ್ಡಗಟ್ಟುವುದು. ಆದರೆ ಹೀಗೆ ಯಕೃತ್ತಿನ ಕೈ ಕಟ್ಟಿದಾಗ ರಿವರೊಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೆಪ್ಪುನಿರೋಧಕಗಳೂ ಕರಗದೆ ರಕ್ತದಲ್ಲಿ ಏರುತ್ತವೆ. ಆಗ ವಸಡಿನಲ್ಲಿ, ಮೂತ್ರದಲ್ಲಿ, ಜಠರದಲ್ಲಿ, ಕೊನೆಗೆ ಮಿದುಳಿನಲ್ಲಿಯೂ ರಕ್ತಸ್ರಾವವಾಗಬಹುದು.

ಹಾಗಾದರೆ ರಕ್ತದ ಮದ್ದನ್ನು ಐದು ದಿನ ನಿಲ್ಲಿಸಿದರಾಯಿತು ಎಂದು ಕೆಲವರು ಹೇಳಿಯಾರು. ಇದು ಮೊದಲಿನದಕ್ಕಿಂತಲೂ ಕೆಟ್ಟ ಜಾಣತನವು. ಹೃದಯದಲ್ಲಿ ಲೋಹದ ಕವಾಟವನ್ನಿಡಿಸಿಕೊಂಡವನು, ಮೊನ್ನೆ ಮೊನ್ನೆ ಸ್ಟೆಂಟ್ ಹಾಕಿಸಿಕೊಂಡವನು ತಾನಾಗಿ ಮದ್ದು ಬಿಟ್ಟರೆ ಪ್ರಾಣಕ್ಕೇ ಬಂದೀತು. ಮೇಲಾಗಿ ಎಲ್ಲ ಮದ್ದುಗಳ ನಡೆಯೂ ಒಂದೇ ಅಲ್ಲ. ಕ್ಲೊಪಿಡೊಗ್ರೆಲ್ ಎಂಬುದು ಯಕೃತ್ತಿನಲ್ಲಿ ಮಾರ್ಪಟ್ಟ ಬಳಿಕವೇ ಕೆಲಸಕ್ಕೆ ಬರುವುದು. ರಿಟೊನಾವಿರಿನ ಸಹವಾಸದಲ್ಲಿ ಅದು ಏರುವುದಕ್ಕೆ ಬದಲಾಗಿ ಬಲಗುಂದುವುದು. ವಾರ್ಫರಿನ್ನಿನ ಬಲವೋ ಏರಲೂಬಹುದು, ಇಳಿಯಲೂಬಹುದು, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಿಂದಲ್ಲದೆ ತಿಳಿಯದು. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರಿನಲ್ಲಿ ಇಂತಹ ಕಲಹವಿಲ್ಲ. ಆದರೂ ಜ್ವರದಿಂದ ಊಟ ತಪ್ಪಿದರೆ ಸಾಕು, ವಾರ್ಫರಿನ್ನಿನ ಲೆಕ್ಕ ಕೆಡುತ್ತದೆ.

ಬಲ್ಲ ವೈದ್ಯನು ಪ್ರಮಾಣವನ್ನು ತಗ್ಗಿಸಿಯಾನು, ಮದ್ದನ್ನು ಬದಲಿಸಿಯಾನು, ಇಲ್ಲವೆ ಈ ಕಲಹವಿಲ್ಲದ ರೆಮ್‌ಡೆಸಿವಿರನ್ನು ರಕ್ತನಾಳದ ಮೂಲಕ ಕೊಟ್ಟಾನು. ಗುಳಿಗೆ ಮುಗಿದ ಮೇಲೆಯೂ ಎರಡು ಮೂರು ದಿನ ಅದರ ಪ್ರಭಾವ ಉಳಿಯುವುದನ್ನೂ ಅವನು ಗಣಿಸುವನು. ಆದರೆ ರೋಗಿಯು ಹೇಳದಿದ್ದರೆ ಅವನಿಗೆ ತಿಳಿಯುವುದೆಂತು? ಹೃದಯಕ್ಕೆ ಒಬ್ಬ ವೈದ್ಯ, ಜ್ವರಕ್ಕೆ ಮತ್ತೊಬ್ಬ. ಒಬ್ಬನ ಚೀಟಿಯನ್ನು ಮತ್ತೊಬ್ಬನು ಕಂಡಿರುವುದಿಲ್ಲ. ನಮ್ಮ ಪಟ್ಟಣಗಳಲ್ಲಿ ಹಳೆಯ ಗುಳಿಗೆಯ ಖಾಲಿ ಹಾಳೆಯನ್ನು ಹುಡುಗನ ಕೈಯಲ್ಲಿ ಕೊಟ್ಟು ಔಷಧದಂಗಡಿಗೆ ಕಳುಹಿಸುವವರಲ್ಲಿ ಓದುಬರಹ ಬಲ್ಲ ಅಧಿಕಾರಿಗಳೂ ಇದ್ದಾರೆ! ಚೀಟಿಯಿಲ್ಲದೆ ಮಾರಕೂಡದೆಂಬ ಕಾನೂನು ಕಾಗದದಲ್ಲಿದೆ.

ಇನ್ನು ಪೆಟ್ಟಿಗೆಯೊಳಗಣ ಎಚ್ಚರಿಕೆಯ ಕಾಗದ. ಅದು ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಇರುತ್ತದೆ. ಮದ್ದು ನುಂಗುವವನು ಕನ್ನಡಿಗ, ಎಚ್ಚರಿಕೆಯು ಅವನಿಗಲ್ಲ! ರಕ್ತದ ಮದ್ದು ಸೇವಿಸುವ ಪ್ರತಿಯೊಬ್ಬನಿಗೂ ಮದ್ದಿನ ಹೆಸರು, ಪ್ರಮಾಣ, ಕೊನೆಯ ಪರೀಕ್ಷೆಯ ದಿನ ಇವಿಷ್ಟನ್ನು ಕನ್ನಡದಲ್ಲಿ ಬರೆದ ಒಂದು ರಟ್ಟಿನ ಚೀಟಿಯನ್ನು ಸರಕಾರೀ ಆಸ್ಪತ್ರೆಗಳವರು ಕೊಡಬೇಕು. ಅಂಗಡಿಯವರು ಅದನ್ನು ನೋಡದೆ ಹೊಸ ಮದ್ದು ಕೊಡಬಾರದು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆರೋಗ್ಯ ಇಲಾಖೆಯವರು ಮನಸ್ಸು ಮಾಡುವರೆ?