ಕೇರೆ ಹಾವಿಗೆ ಬಡಿಗಿ ಯಾಕ?

ನಮ್ಮಲ್ಲಿ ಬಹಳ ಮಂದಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಿಂದ ಬಂದವರು. ಹಗಲು ಹೊತ್ತಿನಲ್ಲಿ ಹೊಲದ ಬದುವಿನ ಮೇಲೆ ಆರು ಅಡಿ ಉದ್ದದ ಹಾವು ಸರಸರ ಓಡಿದ್ದನ್ನು ನೋಡದವರು ಕಡಿಮೆ. ಅಂಥದ್ದು ಹೆಚ್ಚಾಗಿ ಕೇರೆ ಹಾವು. ಅದಕ್ಕೆ ವಿಷ ಇಲ್ಲ. ಆದರೂ "ಹಾವ್ ಬಂತ್ರೋ" ಅಂದ ಕೂಡಲೇ ಕೈಗೆ ಮೊದಲು ಬರೋದು ಬಡಿಗಿ.

ಕೇರೆ ಹಾವನ್ನು ಹೊಡೆಯೋದು ಬರೀ ಪಾಪ-ಪುಣ್ಯದ ಮಾತಲ್ಲ, ರೈತನ ಲೆಕ್ಕದಲ್ಲೂ ನಷ್ಟ ಅನ್ನೋದು ನಮ್ಮ ವಾದ.

ಲೆಕ್ಕ ಹೀಗಿದೆ. ಎರಿ ಭೂಮಿ ಬ್ಯಾಸಗಿಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕು, ಬದುವಿನ ಬಿಲ, ಬಣವಿಯ ಬುಡ ಎಲ್ಲವೂ ಇಲಿಗಳ ಮನೆ. ಹೆಸರು, ಕಡಲೆ, ಜೋಳ, ಗೋಧಿ, ಯಾವ ಪೀಕು ಬಂದರೂ ಇಲಿಗೆ ಒಂದು ಪಾಲು. ಕೇರೆ ಬಿಲದೊಳಗೇ ಹೊಕ್ಕು ಇಲಿ ಹಿಡಿಯುತ್ತದೆ. ಬೆಕ್ಕಿನಿಂದ ಆಗದ ಕೆಲಸ ಇದು. ಅದರ ಇಂಗ್ಲಿಷ್ ಹೆಸರೇ ರ‍್ಯಾಟ್ ಸ್ನೇಕ್. ಕಲಘಟಗಿಯ ಭತ್ತದ ಗದ್ದೆಯಂಥ ಕಡೆ ಕಪ್ಪೆಯನ್ನೂ ತಿನ್ನುತ್ತದೆ, ಗಿಡ ಹತ್ತುತ್ತದೆ, ಈಜುತ್ತದೆ. ಇಲಿ ಇದ್ದಲ್ಲಿಗೆ ನಾಗರವೂ ಬರುತ್ತದೆ. ಕೇರೆಯನ್ನು ಕೊಂದು ಇಲಿ ಉಳಿಸಿಕೊಂಡರೆ ನಾಗರಕ್ಕೆ ನಾವೇ ಊಟಕ್ಕೆ ಕರೆದಂತಾಯ್ತು.

ಕೇರೆಯ ಮೇಲಿರುವ ಆರೋಪಗಳೂ ಒಂದೆರಡಲ್ಲ. ಬಾಲದಲ್ಲಿ ವಿಷ ಐತಿ ಅಂತಾರೆ, ಇಲ್ಲ. ಆಕಳ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡೀತದ ಅಂತಾರೆ, ಅದೂ ಸುಳ್ಳು. ಎರಡು ಹಾವು ಹೆಣೆದುಕೊಂಡು ಎದ್ದು ನಿಂತರೆ ನಾಗರ-ಕೇರೆ ಕೂಡ್ಯಾವ ಅಂತಾರೆ. ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಕುಸ್ತಿ. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಊರಲ್ಲಿ ನಾಗಪ್ಪನಿಗೆ ಕೈಮುಗಿಯುವವರಿದ್ದಾರೆ, ಕೇರೆಯ ಪರ ಮಾತಾಡುವವರಿಲ್ಲ.

"ಕತ್ತಲದಾಗ, ಮನ್ಯಾಗ ಕೂಸು ಮಲಗಿದ್ದಾಗ, ಹಾವಿನ ಜಾತಿ ಕೇಳ್ಕೋತ ಕುಂದ್ರಬೇಕೇನ್ರಿ?" ಅಂತ ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿದೆ. ಹೆಡೆ ಬಿಚ್ಚದ ನಾಗರ ದೂರದಿಂದ ಕೇರೆಯಂತೆಯೇ ಕಾಣಬಹುದು. ಹಾಗಾಗಿ ಗುರುತು ಕಲಿಯೋದು ಹಾವನ್ನು ಹಿಡಿಯೋಕಲ್ಲ, ರೀಲ್ಸ್ ಮಾಡೋಕಂತೂ ಅಲ್ಲವೇ ಅಲ್ಲ.

ಗುರುತು ಸಿಗದಿದ್ದರೆ ದೂರ ನಿಲ್ಲೋಣ, ಅದಕ್ಕೆ ದಾರಿ ಬಿಡೋಣ. ಮನೆಯೊಳಗೆ ಬಂದಿದ್ದರೆ ಬಲ್ಲವರನ್ನು ಕರೆಸೋಣ. ಬಡಿಗಿ ಹಿಡಿದು ಹತ್ತಿರ ಹೋದಷ್ಟೂ ಕಡಿಸಿಕೊಳ್ಳುವ ಅಪಾಯ ಜಾಸ್ತಿ. ಕಡಿದರೆ ಮಂತ್ರ, ನಾಟಿ ಬೇರು ಅಂತ ಹೊತ್ತು ಕಳೆಯದೆ ಸೀದಾ ಆಸ್ಪತ್ರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನೋ ಗಾದೆಯನ್ನು ಇಲ್ಲಿ ಇದ್ದಂತೆಯೇ ಪಾಲಿಸಬಹುದು. ಕೇರೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಅದನ್ನು ಕೊಲ್ಲೋದು ಅಪರಾಧ.

ಹಾಗಾದರೆ ನಾವು ಏನು ಮಾಡಬಹುದು? ಎನ್ಎಸ್ಎಸ್ ವಿಶೇಷ ಶಿಬಿರ ಅಂದರೆ ಒಂದು ಹಳ್ಳಿಯಲ್ಲಿ ಏಳು ದಿನ. ಕಸ ಗುಡಿಸುತ್ತೇವೆ, ಸಸಿ ನೆಡುತ್ತೇವೆ, ಗೋಡೆ ಮೇಲೆ ಘೋಷಣೆ ಬರೆಯುತ್ತೇವೆ. ಈ ಸಲ ಪಂಚಾಯ್ತಿಯ ಒಪ್ಪಿಗೆ ಪಡೆದು ಒಂದು ಗೋಡೆಯ ಮೇಲೆ ಐದು ಹಾವುಗಳ ಚಿತ್ರ ಬರೆಯೋಣ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ಕೆಳಗೆ "ದೂರ ಇರಿ, ಕಡಿದರೆ ತಕ್ಷಣ ಆಸ್ಪತ್ರೆಗೆ" ಅಂತ ಇರಲಿ. ಐದನೆಯದು ಕೇರೆ: ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳು, ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆ. ಅದರ ಕೆಳಗೆ "ಇಲಿ ಹಿಡಿಯಾಕ ಬಂದೈತಿ, ಹೋಗ್ಲಿ ಬಿಡ್ರಿ" ಅಂತ ಬರೆಯೋಣ.

ನಾಲ್ಕು ಡಬ್ಬಿ ಬಣ್ಣ ಮತ್ತು ಒಂದು ಸಂಜೆ ಸಾಕು. ಚಿತ್ರ ಬರೆಯಲು ಬರುವವರು ಎನ್ಎಸ್ಎಸ್ ಘಟಕಕ್ಕೆ ಹೆಸರು ಕೊಡಿ.