ಎರೆಯ ಮೇಲಿನ ಅಂದಾಜು

ನರಗುಂದದ ಗುಡ್ಡಕ್ಕೆ ಬೆನ್ನು ಮಾಡಿ ರೋಣದ ಕಡೆಗೆ ಹೊರಟವನಿಗೆ ಎರಡೂ ಬದಿಗೆ ಕಾಣುವುದು ಎರೆ, ಬರೀ ಎರೆ. ನಾಯಿಗೆ ಎಸೆಯಬೇಕೆಂದರೂ ಒಂದು ಕಲ್ಲು ಸಿಗದ ನೆಲ. ಜೋಳ, ಕಡಲೆ, ಹತ್ತಿ ಸೊಗಸಾಗಿ ಬರುತ್ತವೆ. ಸಡಕು ಮಾತ್ರ ಬರುವುದಿಲ್ಲ. ನಮ್ಮೂರೂ ಇದೇ ಸೀಮೆಯದು. ಹೋದ ಶ್ರಾವಣದಲ್ಲಿ ನಮ್ಮ ದೊಡ್ಡಪ್ಪನ ಮಗ ಹೆಸರು ಹೇರಿಸಿ ಪೇಟೆಗೆ ಕಳಿಸಿದ ಟೆಂಪೋ ಊರಾಚೆಯ ಡಾಂಬರು ರಸ್ತೆಯ ಮೇಲೆಯೇ—ಹೊಲದಲ್ಲಲ್ಲ, ರಸ್ತೆಯ ಮೇಲೆಯೇ—ಅಚ್ಚಿನವರೆಗೆ ಹುಗಿದುಕೊಂಡಿತು. ಎರಡು ರಾತ್ರಿ ಮಳೆಯಲ್ಲಿ ನಿಂತಿತು. ಕಾಳು ಚೀಲದಲ್ಲಿಯೇ ಮೊಳೆಯಿತು. ಆ ರಸ್ತೆಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

"ಗುತ್ತಿಗೆದಾರ ತಿಂದ" ಎಂದಿತು ಊರು. ನಾನೂ ಹಾಗೆಯೇ ಅಂದೆ. ಹಾಗೆ ಅನ್ನುವುದು ಸುಲಭ. 2021ರಲ್ಲಿ ಈ ರಾಜ್ಯದ ಗುತ್ತಿಗೆದಾರರ ಸಂಘವೇ ಶೇಕಡಾ 40ರ ಕಮಿಷನ್ನಿನ ದೂರು ಹೊತ್ತು ಪ್ರಧಾನಿಗೆ ಪತ್ರ ಬರೆದ ಮೇಲೆ ಇನ್ನೂ ಸುಲಭ. ಆದರೂ ಒಂದು ಹಟ ಹುಟ್ಟಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ಸಡಕಿನ ಅಂದಾಜು ಪತ್ರಿಕೆಯನ್ನು ತರಿಸಿ ಓದಿದೆ. ಓದಿದ ಮೇಲೆ ನನ್ನ ಸಿಟ್ಟಿನ ಮುಖ ತಿರುಗಿತು. ಗುತ್ತಿಗೆದಾರ ತಿಂದನೋ ಬಿಟ್ಟನೋ ದೇವರೇ ಬಲ್ಲ. ಅವನು ಸಲಿಕೆ ಹಿಡಿಯುವ ಮೊದಲೇ ಆ ರಸ್ತೆ ಕಾಗದದ ಮೇಲೆ ಸತ್ತಿತ್ತು.

ವಾಚಕರು ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಗುದ್ದಲಿಗೆ ಬಗ್ಗದ ನೆಲ ಆಷಾಢದಲ್ಲಿ ಅಂಬಲಿಯಾಗುತ್ತದೆ. ಆದುದರಿಂದಲೇ ನೆಲದ ತ್ರಾಣವನ್ನು ಅಳೆಯುವವರು ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು ಆಮೇಲೆ ಒತ್ತಿ ನೋಡುತ್ತಾರೆ. ಇಂಥ ನೆಲದ ಮೇಲೆ ಉಬ್ಬದ ಮಣ್ಣಿನ ಹಾಸು 60 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ಏಳೂವರೆ ಮೀಟರು ಅಗಲ, ಒಂದು ಕಿಲೋಮೀಟರು ಉದ್ದಕ್ಕೆ ಅದು 4,500 ಘನಮೀಟರು ಗರಸು. ಟಿಪ್ಪರಿಗೆ ಹತ್ತು ಘನಮೀಟರೆಂದರೂ 450 ಖೇಪು.

ನಾನು ತರಿಸಿದ ಪತ್ರಿಕೆಯಲ್ಲಿ ಗರಸಿನ ಹಾಸು 15 ಸೆಂಟಿಮೀಟರು! ಮಣ್ಣಿನ ಪರೀಕ್ಷೆಯ ವರದಿ ಇಲ್ಲ. ಸಾಗಣೆಯ ದೂರ 5 ಕಿಲೋಮೀಟರು. ಐದು ಕಿಲೋಮೀಟರಿನೊಳಗೆ ನಮ್ಮೂರ ಸುತ್ತ ಗರಸು ಎಲ್ಲಿದೆ? ಕಲ್ಲು-ಗರಸು ಬೇಕಾದರೆ ಗಜೇಂದ್ರಗಡದ ಗುಡ್ಡಗಳ ಕಡೆಗೇ ಮುಖ ಮಾಡಬೇಕು. ದೂರ ಮೂವತ್ತೆಂದರೆ, ಖೇಪಿಗೆ ಹೋಗಿಬರುವ ಐವತ್ತು ಕಿಲೋಮೀಟರು ಲೆಕ್ಕಕ್ಕೇ ಬಂದಿಲ್ಲ. ಆ ಡೀಸೆಲ್ಲಿನ ದುಡ್ಡನ್ನು ಯಾರು ಕೊಡಬೇಕು? ಗುತ್ತಿಗೆದಾರ ಧರ್ಮಕ್ಕೆ ತರುವನೇ? ಪಕ್ಕದ ಹೊಲದ ಎರೆಯನ್ನೇ ಕೆದರಿ ಹಾಕಿ ರೋಲರು ಹೊಡೆದ. ಹಾಗೆ ಮಾಡೆಂದು ಅಂದಾಜು ಪತ್ರಿಕೆಯೇ ಅವನಿಗೆ ಕಣ್ಣು ಹೊಡೆದಿತ್ತು.

ಇಲಾಖೆಯ ದರಪಟ್ಟಿಯನ್ನು ನಾನು ದೂರುವುದಿಲ್ಲ. ಅದು ದರ ಹೇಳುತ್ತದೆ. ಎಷ್ಟು ದಪ್ಪ, ಎಷ್ಟು ದೂರ ಎಂದು ಹೇಳಬೇಕಾದವನು ಸ್ಥಳಕ್ಕೆ ಹೋಗಿ ನೋಡಿದ ಮನುಷ್ಯ. ಗುಡ್ಡದ ಸೆರಗಿನ ಗಟ್ಟಿ ನೆಲದ ಸಡಕಿನ ಪತ್ರಿಕೆಯನ್ನೇ ಹೆಸರು ಬದಲಿಸಿ ಎರೆಸೀಮೆಗೆ ಇಳಿಸಿದರೆ ಅದನ್ನು ಅಂದಾಜು ಎನ್ನಬಾರದು, ನಕಲು ಎನ್ನಬೇಕು.

ಗುರುತಿನ ಎಂಜಿನಿಯರೊಬ್ಬರ ಮುಂದೆ ಇದನ್ನೆಲ್ಲ ಆಡಿದೆ. ಸಜ್ಜನರು, ಮುಚ್ಚುಮರೆ ಮಾಡಲಿಲ್ಲ. "ಅನುದಾನ ಮೊದಲು ಬರುತ್ತದೆ, ಉದ್ದವೂ ಮೇಲಿಂದಲೇ ಬರುತ್ತದೆ. ಅಂದಾಜನ್ನು ಅವೆರಡರ ನಡುವೆ ಕೂಡಿಸಬೇಕು. ಎಲ್ಲಿ ಕಡಿಯಲಿ? ಡಾಂಬರು ಕಡಿದರೆ ಕಾಣುತ್ತದೆ" ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದುಂಟು. ಕಾಲನ್ನೇ ಕತ್ತರಿಸೆಂದು ಹೇಳಿದ್ದಿಲ್ಲ. ದುಡ್ಡು ಕಡಿಮೆಯಿದ್ದರೆ ನಾಲ್ಕರ ಬದಲು ಎರಡು ಕಿಲೋಮೀಟರು ಮಾಡಿರಿ. ಆದರೆ ಭೂಮಿಪೂಜೆಯ ಕಲ್ಲಿನ ಮೇಲೆ ಉದ್ದ ಕೆತ್ತುತ್ತಾರೆ. ದಪ್ಪವನ್ನು ಯಾರೂ ಕೆತ್ತುವುದಿಲ್ಲ.

ಹೀಗೆ ಕಡಿಯುವಾಗ ಗರಸಿನ ಬೆನ್ನಿಗೆ ಹೋಗುವುದು ಬದಿಗಟಾರು, ಅಡ್ಡಮೋರಿ. ಇನ್ನೂರು ವರ್ಷದ ಹಿಂದೆ ಸ್ಕಾಟ್‌ಲಂಡಿನ ಮೆಕಾಡಮ್ ಎಂಬವನು, ಭಾರ ಹೊರುವುದು ಕೆಳಗಿನ ನೆಲ, ಅದನ್ನು ಒಣಗಿಟ್ಟರೆ ಎಷ್ಟು ಭಾರವನ್ನಾದರೂ ಹೊತ್ತೀತು ಎಂದು ಸಾರಿದ. ಅವನ ಹೆಸರಿನ ಖಡಿಯನ್ನು ಇಂದಿಗೂ ಹಾಸುತ್ತೇವೆ, ಮಾತನ್ನು ಬಿಟ್ಟಿದ್ದೇವೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಈ ಸೀಮೆಯ ಊರುಗಳಿಗೆ ನುಗ್ಗಿದ್ದನ್ನು ಕಂಡವರು ನಾವು. ಬೆಣ್ಣೆಹಳ್ಳದ ಹಾವಳಿಯಂತೂ ಮಕ್ಕಳಿಗೂ ಗೊತ್ತು. ಚಾಪೆಯಂಥ ಈ ಬಯಲಿನಲ್ಲಿ ರಸ್ತೆಯನ್ನು ಒಡ್ಡಿನಂತೆ ಏರಿಸಿ, ನೀರು ದಾಟಲು ಎರಡು ಸಿಮೆಂಟು ಕೊಳವೆ ಹುಗಿದರೆ, ಆ ರಸ್ತೆ ತಾನೂ ಹಾಳಾಗಿ ಪಕ್ಕದ ಹೊಲವನ್ನೂ ಕೆಡಿಸುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಟೆಂಡರು ಕರೆಯುವ ಮೊದಲು ಅಂದಾಜು ಪತ್ರಿಕೆಯನ್ನು ಗ್ರಾಮಸಭೆಯಲ್ಲಿ ಓದಿರಿ, ಕನ್ನಡದಲ್ಲಿ ಓದಿರಿ. ರಾಜಭಾಷಾ ಕಾಯಿದೆ ಆದದ್ದು 1963ರಲ್ಲಿ; ನನ್ನ ಕೈಗೆ ಬಂದ ಪತ್ರಿಕೆಯಲ್ಲಿ ಊರಿನ ಹೆಸರೂ ಇಂಗ್ಲಿಷಿನಲ್ಲಿಯೇ ಇತ್ತು, ಅದೂ ತಪ್ಪಾಗಿ. ಕಾಮಗಾರಿಯ ವಿವರವನ್ನು ಕೇಳುವ ಮೊದಲೇ ಪ್ರಕಟಿಸಬೇಕೆಂಬುದು 2005ರ ಮಾಹಿತಿ ಹಕ್ಕು ಕಾಯಿದೆಯ ಆಶಯ. ರೈತನಿಗೆ ಇದೆಲ್ಲ ತಿಳಿಯುವುದೇ ಎಂದು ಪೇಟೆಯ ಮಿತ್ರರು ನಕ್ಕಾರು. ಆ ಟೆಂಪೋದ ಬಳಿ ನಿಂತು ನಮ್ಮಣ್ಣ ಅಂದದ್ದನ್ನು ಅವರಿಗೆ ಹೇಳುತ್ತೇನೆ: "ತಮ್ಮಾ, ಈ ಎರಿಯೊಳಗ ಒಂದ ದನದ ಕೊಟ್ಟಗಿ ಕಟ್ಟಬೇಕಂದ್ರೂ ಗಟ್ಟಿ ನೆಲ ಹತ್ತೂತನಕ ಪಾಯಾ ತಗೀತೀವಿ. ಸರಕಾರದಾಗ ಯಾರೂ ಮನಿ ಕಟ್ಟಿಸಿದಾವ್ರು ಇಲ್ಲೇನು?"

ಅದೇ ಸಡಕಿಗೆ ಈ ವರ್ಷ ಮತ್ತೆ ಡಾಂಬರು ಮಂಜೂರಾಗಿದೆಯಂತೆ. ಗರಸಿನ ಬಾಬಿಗೆ ಎಷ್ಟು ಹಿಡಿದಿದ್ದೀರಿ ಎಂದು ಕೇಳಿ ನಿನ್ನೆ ಇನ್ನೊಂದು ಅರ್ಜಿ ಕೊಟ್ಟು ಬಂದಿದ್ದೇನೆ. ಉತ್ತರಕ್ಕೆ ಮೂವತ್ತು ದಿನ.