ಕೆಂಪು ನೆಲದಲ್ಲೊಂದು ಬಿಡಾರ

ಆಸ್ಟ್ರೇಲಿಯಾಕ್ಕೆ ಓದಲು ಹೋದ ವಿದ್ಯಾರ್ಥಿಗಳಿಗೆ ಜೂನ್–ಜುಲೈ ತಿಂಗಳ ರಜೆ ನಡುಚಳಿಗಾಲದಲ್ಲಿ ಬರುತ್ತದೆ. ಖಂಡದ ಮಧ್ಯದಲ್ಲಿರುವ ಮರಳುಗಾಡನ್ನು ನೋಡಲು ಅದೇ ತಕ್ಕ ಕಾಲ. ಬೇಸಗೆಯಲ್ಲಿ ಆ ನೆಲ ಹೊಸಬರನ್ನು ಹತ್ತಿರ ಸೇರಿಸದು.

ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಉಲುರು ಎಂಬ ಮಹಾಬಂಡೆಗೆ ಸುಮಾರು 450 ಕಿಲೋಮೀಟರ್ ದಾರಿ. ರೊಳ್ಳದ ಹೊಲಗಳನ್ನು ಕಂಡ ಕಣ್ಣಿಗೆ ಅಲ್ಲಿನ ಕೆಂಪು ಮಣ್ಣು ಹೊಸದೆನಿಸದು. ಹೊಸದೆನಿಸುವುದು ಊರುಗಳೇ ಇಲ್ಲದ ಬಯಲು. ಬಹುದೂರ ಸಾಗಿದ ಮೇಲೆ ಒಂದು ಪೆಟ್ರೋಲ್ ಬಂಕ್ ಸಿಕ್ಕರೆ ಅದೇ ಊರು. ಆದುದರಿಂದ ಬಿಡಾರ ಹೊರಡುವವರಿಗೆ ಮೊದಲ ಪಾಠ ನೀರಿನದು. ಬೇಕಾದುದಕ್ಕಿಂತ ಹೆಚ್ಚು ನೀರನ್ನು ಒಯ್ಯಬೇಕು. ವಾಹನ ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆದು ಹೋಗಬಾರದು. ಹುಡುಕಿ ಬರುವವರಿಗೆ ದೂರದಿಂದ ವಾಹನ ಕಂಡೀತು, ಒಂಟಿ ಮನುಷ್ಯ ಕಾಣಲಾರ. ಮಕ್ಕಳನ್ನು ಅಷ್ಟು ದೂರ ಕಳುಹಿಸುವ ತಂದೆತಾಯಿಗಳು ಉಪ್ಪಿನಕಾಯಿಯ ಜೊತೆಗೆ ಈ ಮಾತನ್ನೂ ಕಟ್ಟಿ ಕಳುಹಿಸುವುದು ಒಳಿತು.

ರಾತ್ರಿ ಮಲಗಲು ಅನೇಕರು ಡೇರೆಯನ್ನೂ ಹೂಡುವುದಿಲ್ಲ. ದಪ್ಪ ಕ್ಯಾನ್ವಾಸಿನ ಸುರುಳಿಹಾಸಿಗೆಯೊಂದುಂಟು, ಅದಕ್ಕೆ ಸ್ವ್ಯಾಗ್ ಎಂದು ಹೆಸರು. ಬೆಂಕಿಯ ಸುತ್ತ ಅದನ್ನು ಬಿಚ್ಚಿ ಒಳಗೆ ತೂರಿಕೊಂಡರೆ ಆಯಿತು. ಹಗಲು ಹಿತವಾದ ಬಿಸಿಲಿದ್ದರೂ ನಸುಕಿನಲ್ಲಿ ಚಳಿ ಸೊನ್ನೆ ಡಿಗ್ರಿಗೂ ಕೆಳಗೆ ಇಳಿಯುವುದುಂಟು. ರೊಳ್ಳದ ಅಂಗಳದಿಂದ ಬೇಸಗೆಯಲ್ಲಿ ದಕ್ಷಿಣದ ಅಂಚಿನಲ್ಲಷ್ಟೇ ತೋರುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ಕತ್ತೆತ್ತಿ ನೋಡುವಷ್ಟು ಮೇಲೇರಿರುತ್ತದೆ.

ರತ್ನಗಿರಿಯ ಕೋಟೆ ಹತ್ತಿ ಬೆಳೆದವರಿಗೆ 348 ಮೀಟರ್ ಎತ್ತರದ ಉಲುರುವನ್ನು ಕಂಡೊಡನೆ ಏರುವ ಆಸೆಯಾದೀತು. ಏರುವಂತಿಲ್ಲ. ಅದು ಅನಂಗು ಎಂಬ ಮೂಲನಿವಾಸಿಗಳ ಪವಿತ್ರ ಸ್ಥಳ. 1873ರಲ್ಲಿ ಬಿಳಿಯರು ಅದಕ್ಕೆ ಏಯರ್ಸ್ ರಾಕ್ ಎಂದು ತಮ್ಮ ಹೆಸರನ್ನಿಟ್ಟರು. 1985ರ ಅಕ್ಟೋಬರ್ 26ರಂದು ಸರಕಾರ ಅದರ ಒಡೆತನವನ್ನು ಅನಂಗು ಜನರಿಗೆ ಹಿಂದಿರುಗಿಸಿತು. 2019ರಲ್ಲಿ ಅದೇ ದಿನಾಂಕದಿಂದ ಹತ್ತುವುದು ನಿಂತಿತು. ಈಗ ಬಂದವರು ಸುತ್ತಲಿನ ಹತ್ತು ಕಿಲೋಮೀಟರ್ ಹಾದಿಯನ್ನು ನಡೆಯುತ್ತಾರೆ. ಪ್ರದಕ್ಷಿಣೆಯೆಂದರೆ ತಪ್ಪಾಗದು.

ಬಂಡೆಯ ಬುಡದಲ್ಲಿ ಮುಟಿಜುಲು ಎಂಬ ನೀರಿನ ಹೊಂಡವಿದೆ. ಅನಂಗು ಜನರ ಪಿಟ್ಜಂಟ್ಜಟ್ಜರ ಭಾಷೆಯಲ್ಲಿ ನೀರಿಗೆ 'ಕಪಿ' ಎನ್ನುತ್ತಾರೆ. ಕನ್ನಡದ ಹುಡುಗರು ಒಮ್ಮೆ ಕೇಳಿದರೆ ಮರೆಯಲಾರದ ಪದ! ಆ ಸೀಮೆಯ ಮಳೆ ಅನಂತಪುರ ಸೀಮೆಯ ಮಳೆಯ ಸುಮಾರು ಅರ್ಧದಷ್ಟು ಮಾತ್ರ. ಯಾವ ಬಂಡೆಯ ಸಂದಿನಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮರಳನ್ನು ತೋಡಬೇಕು ಎಂಬುದನ್ನೆಲ್ಲ ಆ ಜನ ಹೆಸರುಗಳಲ್ಲಿಯೂ ಕಥೆಗಳಲ್ಲಿಯೂ ಹಾಡುಗಳಲ್ಲಿಯೂ ಕಾಪಾಡಿಕೊಂಡು ಬಂದರು. ನಮ್ಮ ಸರ್ವೆ ಮರದ ಬಂಧುವೊಂದು ಅಲ್ಲಿ ಬೆಳೆಯುತ್ತದೆ, 'ಕುರ್ಕರ' ಎಂದು. ಬೇರು ಆಳದ ನೀರನ್ನು ಮುಟ್ಟುವವರೆಗೆ ಅದು ಕಡ್ಡಿಯಂತೆ ಸಣ್ಣಗೆ ನಿಂತಿರುತ್ತದೆ. ಮುಟ್ಟಿದ ಮೇಲೆ ಕೊಂಬೆ ಹರಡುತ್ತದೆ.

ಆ ಭಾಷೆಯ ಶಾಲೆಯ ಕಥೆಯನ್ನು ಗಡಿನಾಡಿನ ಕನ್ನಡ ಶಾಲೆಗಳ ಪೋಷಕರು ವಿಶೇಷವಾಗಿ ಅರಿಯಬೇಕು. ದಕ್ಷಿಣ ಆಸ್ಟ್ರೇಲಿಯಾದ ಎರ್ನಬೆಲ್ಲದಲ್ಲಿ 1940ರಲ್ಲಿ ತೆರೆದ ಮಿಷನ್ ಶಾಲೆಯಲ್ಲಿ ಮಕ್ಕಳು ಅಕ್ಷರ ಕಲಿತದ್ದು ಮನೆಮಾತಿನಲ್ಲಿಯೇ. 1990ರ ದಶಕದ ಆರಂಭದಲ್ಲಿ ಅನಂಗು ಹಿರಿಯರೇ ಕೂಡಿ, ಇನ್ನು ಪಾಠ ಇಂಗ್ಲಿಷಿನಲ್ಲಿಯೇ ನಡೆಯಲೆಂದು ತೀರ್ಮಾನಿಸಿದರು. ಮಕ್ಕಳು ಹಿಂದುಳಿಯಬಾರದೆಂಬ ಕಾಳಜಿ ಅದು. ಮನೆಮಾತು ಹೇಗೂ ಮನೆಯಲ್ಲಿ ಉಳಿಯುತ್ತದೆಂಬ ನಂಬಿಕೆಯೂ ಜೊತೆಗಿತ್ತು. ಯಾರೂ ಒತ್ತಾಯಿಸಿ ಕಸಿದುಕೊಂಡದ್ದಲ್ಲವೆಂಬುದೇ ಈ ಕಥೆಯಲ್ಲಿ ಮನಸ್ಸನ್ನು ಕಲಕುವ ಸಂಗತಿ. ಆ ನಂಬಿಕೆ ರೊಳ್ಳದ ಜಗಲಿಗಳಿಗೂ ಅಪರಿಚಿತವಲ್ಲ. ಇಲ್ಲಂತೂ ಮಕ್ಕಳು ಇಂಗ್ಲಿಷಿನೊಂದಿಗೆ ತೆಲುಗನ್ನೂ ಕಲಿತೇ ಬಾಳಬೇಕು.

ವರ್ಷಗಳು ಕಳೆದ ಮೇಲೆ ಅದೇ ಸಮುದಾಯದ ಶಿಕ್ಷಕಿಯರು, ಮಕ್ಕಳು ತರಗತಿಯಲ್ಲಿ ಮೌನವಾಗಿ ಕುಳಿತಿರುವುದನ್ನು ಕಂಡು, ಎರಡೂ ಭಾಷೆಗಳ ಪಾಠ ಮರಳಿ ಬರಲೆಂದು ಕೇಳತೊಡಗಿದರು. ಮನೆಮಾತಿನಲ್ಲಿ ಓದಲು ಬರೆಯಲು ಕಲಿಸಬಲ್ಲವರಲ್ಲಿ ಹಲವರಿಗೆ ಅಷ್ಟರಲ್ಲಿ ವಯಸ್ಸಾಗಿತ್ತು.